ದೊಡ್ಡ ಬಟಾಣಿ

ಎರ್ಸೀಲಿಯಾಳ ಕಣ್ಣಿನ ನಟ್ಟನಡುವೆ ಕಪ್ಪು ಚುಕ್ಕೆಯೊಂದು ಬಂದು ಕೂತು ಆರು ತಿಂಗಳಾಗಿತ್ತು. ಮನೆಯಲ್ಲಿ ಯಾರಿಗೂ ಅವಳು ಹೇಳಿರಲಿಲ್ಲ. ಯಾವುದನ್ನು ನೇರವಾಗಿ ನೋಡುತ್ತಾಳೋ ಅದೇ ಮಾಯ. ಗಡಿಯಾರದ ಕಡೆ ನೋಡಿದರೆ ಗೋಡೆ ಇರುತ್ತಿತ್ತು, ಗಡಿಯಾರ ಇರುತ್ತಿರಲಿಲ್ಲ. ಮೊಮ್ಮಗನ ಕಡೆ ನೋಡಿದರೆ ಎರಡು ಕಿವಿಗಳಿರುತ್ತಿದ್ದವು, ನಡುವೆ ಮುಖವೇ ಇರುತ್ತಿರಲಿಲ್ಲ. ತಲೆಯನ್ನು ಒಂದಿಷ್ಟು ಓರೆ ಮಾಡಿ, ಬೇರೇನನ್ನೋ ನೋಡುವವಳಂತೆ ನಿಂತರೆ ಮಾತ್ರ ನೋಟದ ಅಂಚಿನಲ್ಲಿ ಅಷ್ಟಿಷ್ಟು ಕಾಣುತ್ತಿತ್ತು. ಹಲ್ಲುನೋವಿನ ನೆಪ ಹೇಳಿ ಒಬ್ಬಳೇ ರೈಲು ಹತ್ತಿ ಜೆನೊವಾ ಪಟ್ಟಣದ ಕಣ್ಣಿನ ಡಾಕ್ಟರ ಬಳಿ ಹೋಗಿಬಂದಿದ್ದಳು. "ಇದು ಹೋಗೋದಲ್ಲ ತಾಯಿ, ಬೆಳೆಯೋದು," ಎಂದಿದ್ದರು ಅವರು.

ಯಾರಿಗೂ ಅನುಮಾನ ಬಾರದಿದ್ದುದಕ್ಕೆ ಅವಳ ಕೈಗಳೇ ಕಾರಣ. ಎಪ್ಪತ್ತನಾಲ್ಕರಲ್ಲೂ ವಾರಕ್ಕೆ ಮೂರು ದಿನ ಹಲಗೆಯ ಮುಂದೆ ಕೂತು ಟ್ರೋಫಿಯೆ ಹೊಸೆಯುತ್ತಿದ್ದಳು. ಕಡಲೆಯಷ್ಟು ಹಿಟ್ಟು ಕಿತ್ತು, ಅಂಗೈಯ ಅಂಚಿನಿಂದ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಎಳೆದರೆ ತಿರುಚಿದ ಬತ್ತಿಯಂಥ ಪಾಸ್ತಾ ಹಲಗೆಯಿಂದ ಉದುರುತ್ತಿತ್ತು. ಎಂಟನೆಯ ವಯಸ್ಸಿನಿಂದ ಮಾಡಿದ ಕೆಲಸ. ಅದಕ್ಕೆ ಕಣ್ಣಿನ ಹಂಗಿರಲಿಲ್ಲ. ಕೆಳಗಿನ ಪಾಸ್ತಾ ಅಂಗಡಿಯವನು ಬಂದು ಬುಟ್ಟಿ ಎತ್ತಿಕೊಂಡು ಹೋಗುವಾಗ, "ಎರ್ಸೀಲಿಯಾ ಅವರ ಕೈ ಯಂತ್ರಕ್ಕೂ ಇಲ್ಲ," ಎನ್ನುತ್ತಿದ್ದ. ಅವಳು ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು.

ಹೇಳದಿದ್ದುದಕ್ಕೆ ಕಾರಣ ಅಕ್ಕ ಯೋಲೆ. ಅವಳ ಕಣ್ಣು ಹೋದಾಗ ಮಕ್ಕಳು ಮೊದಲು ಒಲೆಯ ಹತ್ತಿರ ಬಿಡಲಿಲ್ಲ. ಆಮೇಲೆ ಮೊಮ್ಮಕ್ಕಳನ್ನು ಅವಳ ಬಳಿ ಬಿಡಲಿಲ್ಲ. ಕೊನೆಗೆ ಅವಳನ್ನೇ ಗುಡ್ಡದ ಮೇಲೆ ಸನ್ಯಾಸಿನಿಯರು ನಡೆಸುವ ವೃದ್ಧಾಶ್ರಮದಲ್ಲಿ ಬಿಟ್ಟುಬಂದರು. ಎರ್ಸೀಲಿಯಾಳಿಗೆ ಒಲೆ ಹೋದರೂ ಚಿಂತೆಯಿರಲಿಲ್ಲ. ಮಗು ಹೋದರೆ? ಕಣ್ಣಿಲ್ಲದವಳ ಕೈಗೆ ಯಾರು ತಾನೆ ಮಗು ಕೊಡುತ್ತಾರೆ? ಅದೂ ಇಂಥ ಮಗುವನ್ನು?

ಎಫಿಸಿಯೊಗೆ ಐದು ವರ್ಷ. ಗುಂಗುರು ಕೂದಲಿನ ಬಾಯಾಳಿ. ಊರೆಲ್ಲ ವಸಂತದಲ್ಲಿ ಹಸಿಯಾಗಿಯೇ ಸುಲಿದು ಕುರಿಹಾಲಿನ ಚೀಸಿನ ಜೊತೆ ಮೆಲ್ಲುವ ಫಾವಾ ಕಾಳು ಅವನ ಮೈಗೆ ವಿಷ. ಹಸಿಯಾಗಲಿ ಬೇಯಿಸಿದ್ದಾಗಲಿ, ಒಳಗೆ ಹೋದರೆ ರಕ್ತವನ್ನೇ ಒಡೆದುಹಾಕುತ್ತದೆ. ಈ ದೋಷ ಬಂದದ್ದು ತಾಯಿಯ ಕಡೆಯಿಂದ. ಸೊಸೆ ಬೊನಾರಿಯಾ ಸಾರ್ಡೀನಿಯಾ ದ್ವೀಪದವಳು. ಅವಳ ಅಣ್ಣನೊಬ್ಬ ಏಳನೆಯ ವಯಸ್ಸಿನಲ್ಲಿ ಪಕ್ಕದ ಹೊಲದಿಂದ ಜೇಬು ತುಂಬ ಫಾವಾ ಕಿತ್ತು ತಿಂದು, ಮೂರನೆಯ ದಿನಕ್ಕೆ ಹೋಗಿಬಿಟ್ಟಿದ್ದ. ಅವನ ಹೆಸರೂ ಎಫಿಸಿಯೊ. ಹೋದವರ ಹೆಸರನ್ನು ಹುಟ್ಟಿದವರಿಗೆ ಇಡುವುದು ಅವರ ಕಡೆಯ ರೂಢಿ. ಎರ್ಸೀಲಿಯಾಳಿಗೆ ಮಾತ್ರ, ಸತ್ತ ಹುಡುಗನ ಅಂಗಿಯನ್ನು ಬದುಕಿರುವ ಹುಡುಗನಿಗೆ ತೊಡಿಸಿದಂತೆ ಮೊದಲಿಂದಲೂ ಒಳಗೊಳಗೇ ಅಳುಕು.

ಆ ವರ್ಷದ ಜಗಳ ಹತ್ತಿದ್ದು ಮಾತ್ರ ಬಟಾಣಿಗೆ.

ಏಪ್ರಿಲಿನ ಮೊದಲ ಭಾನುವಾರ. ಮಗ ಇವಾನೊ ರಜೆಯಲ್ಲಿ ಮನೆಗೆ ಬಂದಿದ್ದ. ದ್ವೀಪಕ್ಕೆ ಹೋಗಿಬರುವ ಹಡಗಿನಲ್ಲಿ ಎಂಜಿನ್ ಕೆಲಸ; ಹದಿನೈದು ದಿನ ನೀರಿನ ಮೇಲಿದ್ದರೆ ಒಂದು ವಾರ ಮನೆಯಲ್ಲಿ. ಎರ್ಸೀಲಿಯಾ ಬಡಿಸುತ್ತ ಮಾತು ತೆಗೆದಳು.

"ಪಿಯೆರಾ ಅಂಗಡಿಗೆ ಬಟಾಣಿ ಬಂದಿದೆ. ಪೆಸ್ತೊ ಜೊತೆ ಒಂದು ಹಿಡಿ ಹಾಕಿದ್ರೆ ಮಗು ಬಾಯ್ತುಂಬ ತಿನ್ನುತ್ತೆ."

ಬೊನಾರಿಯಾಳ ಫೋರ್ಕು ಅಲ್ಲೇ ನಿಂತಿತು. "ಈ ಮನೆಯೊಳಕ್ಕೆ ಬಟಾಣಿ ಬರಲ್ಲ ಅತ್ತೆ. ಎಷ್ಟು ಸಲ ಹೇಳ್ಬೇಕು?"

"ಬಟಾಣಿ ಏನೂ ಮಾಡಲ್ಲ ಅಂತ ಡಾಕ್ಟರೇ ಅಂದ್ರಲ್ಲೇ."

"ಅವರಿಗೇನು, ಅಂತಾರೆ. ತಿಂದು ಮಲಗೋನು ಅವರ ಮಗನಾ? ನಮ್ಮೂರಲ್ಲಿ ಇಂಥ ಮಕ್ಕಳಿರೋ ಮನೇಲಿ ಬಟಾಣಿ ಗಿಡಾನೂ ಹಾಕಲ್ಲ."

"ಸರಿ, ನಾಳೆ ನೀರೂ ಬೇಡ ಅನ್ನು."

"ನೀರನ್ನೂ ನನ್ನ ಕೇಳ್ಕೊಂಡೇ ಕೊಡಿ."

"ಕೇಳಿದ್ಯೇನೋ ಇವಾನೊ? ಅರವತ್ತು ವರ್ಷದಿಂದ ಈ ಒರಳಲ್ಲಿ ಪೆಸ್ತೊ ಕುಟ್ಟಿದೀನಿ. ಇವಳ ಹತ್ರ ನಾನು ಪಾಠ ಕಲೀಬೇಕಂತೆ!"

"ನಮ್ಮ ದ್ವೀಪದ ಚೀಸು ಬೀಳದಿದ್ರೆ ನಿಮ್ಮ ಪೆಸ್ತೊ ಬರೀ ಸೊಪ್ಪಿನ ಗೊಜ್ಜು."

ಇವಾನೊ ನಕ್ಕುಬಿಟ್ಟ. ಹೆಂಡತಿಯ ಮುಖ ನೋಡಿ ನಗುವನ್ನು ನುಂಗಿಕೊಂಡ. "ಅಮ್ಮ, ಬಿಡು. ಅವಳಿಗೆ ಹೆದರಿಕೆ ಅಂದ್ಮೇಲೆ ಬೇಡ."

"ನಾನೇನು ವಿಷ ಹಾಕ್ತೀನಾ?" ಎರ್ಸೀಲಿಯಾ ಬಾಗಿಲಿನ ಕಡೆ ಮುಖ ಮಾಡಿ ಕೇಳಿದಳು.

"ಮೊದಲು ನನ್ನ ಕಡೆ ನೋಡಿ ಮಾತಾಡಿ!" ಬೊನಾರಿಯಾ ಎದ್ದು ನಿಂತಳು. "ಇತ್ತೀಚೆಗೆ ನೋಡ್ತಾನೇ ಇದೀನಿ. ಬಾಗಿಲ ಜೊತೆ ಮಾತಾಡ್ತೀರ, ಕಿಟಕಿ ಜೊತೆ ಮಾತಾಡ್ತೀರ. ದ್ವೀಪದವಳ ಮುಖ ನೋಡೋಕೂ ಬೇಜಾರಾ ನಿಮಗೆ?"

ಎರ್ಸೀಲಿಯಾ ಖಾಲಿ ಬೋಗುಣಿ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಬಾಗಿಲ ಚೌಕಟ್ಟು ಎಲ್ಲಿದೆಯೆಂದು ಮೊಣಕೈ ಮೊದಲು ತಡವಿ ನೋಡಿಕೊಂಡಿತು.

ಇವಾನೊ ಹಡಗಿಗೆ ಹೊರಟುಹೋದ. ಪಕ್ಕದೂರಿನ ಹೋಟೆಲಿನಲ್ಲಿ ಕೋಣೆ ಚೊಕ್ಕಟ ಮಾಡುವ ಬೊನಾರಿಯಾಳಿಗೆ ಪ್ರವಾಸಿಗರ ಕಾಲ ಶುರುವಾಗಿ, ಬೆಳಗ್ಗೆ ಆರೂವರೆಗೆ ಹೊರಟರೆ ಬರುವುದು ಮೂರು ಗಂಟೆಯ ಮೇಲೆ. ಶಿಶುವಿಹಾರದ ಊಟವನ್ನು ಅವಳು ನಂಬುತ್ತಿರಲಿಲ್ಲ. ಹಾಗಾಗಿ ಮಧ್ಯಾಹ್ನ ಹನ್ನೆರಡಕ್ಕೆ ಮಗುವನ್ನು ಕರೆತಂದು ಉಣ್ಣಿಸುವುದು ಅಜ್ಜಿಯ ಕೆಲಸ. ಅತ್ತೆಯ ಮೇಲೆ ಎಷ್ಟೇ ಸಿಟ್ಟಿದ್ದರೂ ಈ ಒಂದು ವಿಷಯದಲ್ಲಿ ಬೊನಾರಿಯಾ ಅವಳನ್ನು ನಂಬಿದ್ದಳು. ಐದು ವರ್ಷದಲ್ಲಿ ಎರ್ಸೀಲಿಯಾ ಒಂದೇ ಒಂದು ಫಾವಾವನ್ನೂ ಮನೆಯ ಹೊಸಿಲು ದಾಟಿಸಿರಲಿಲ್ಲ. ತಾನೂ ತಿನ್ನುವುದನ್ನು ಬಿಟ್ಟಿದ್ದಳು.

ಶಿಶುವಿಹಾರದಲ್ಲಿ ಮಕ್ಕಳು ಒದ್ದೆ ಹತ್ತಿಯಲ್ಲಿ ಬಟಾಣಿ ಮೊಳಕೆ ಬರಿಸುವ ಆಟ ಹೂಡಿದ್ದರು. ಬೊನಾರಿಯಾ ಹೋಗಿ ಟೀಚರಿಗೆ ಹೇಳಿ, ಮಗನ ಲೋಟಕ್ಕೆ ಗೋಧಿ ಹಾಕಿಸಿ ಬಂದಳು.

"ಎಲ್ಲರದೂ ಬಟಾಣಿ. ನಂದು ಮಾತ್ರ ಹುಲ್ಲು," ಎಫಿಸಿಯೊ ಮೆಟ್ಟಿಲು ಹತ್ತುತ್ತ ದಿನವೂ ಅಳುತ್ತಿದ್ದ. "ನಾನೂ ಬಟಾಣಿ ತಿನ್ಬೇಕು. ಒಂದೇ ಒಂದು ಸಲ ಅಜ್ಜಿ. ಅಮ್ಮಂಗೆ ಹೇಳಲ್ಲ."

ತಟ್ಟೆಯನ್ನು ಮುಂದಕ್ಕೆ ತಳ್ಳುತ್ತಿದ್ದ. ಮೂರು ವಾರದಲ್ಲಿ ಅವನ ತೋಳು ಸೊರಗಿದಂತೆ ಅಜ್ಜಿಯ ಬೆರಳಿಗೆ ತೋರಿತು. ಡಾಕ್ಟರೇ ಅಂದಿದ್ದಾರಲ್ಲ, ಅಂದುಕೊಂಡಳು. ಬಟಾಣಿ ತಾನೆ.

ಏಪ್ರಿಲಿನ ಕೊನೆಯ ದಿನ, ಗುರುವಾರ. ಮರುದಿನ ಕಾರ್ಮಿಕರ ದಿನದ ರಜೆ. ಊರಿಗೆ ಊರೇ ಬುಟ್ಟಿ ಕಟ್ಟಿಕೊಂಡು ಗುಡ್ಡ ಹತ್ತಿ ಫಾವಾ ಸುಲಿದು ತಿನ್ನುವ ದಿನ. ಪಿಯೆರಾಳ ತರಕಾರಿ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ‘ಇಲ್ಲಿ ಹಸಿ ಫಾವಾ ಮಾರಾಟಕ್ಕಿದೆ’ ಎಂಬ ಕೆಂಪಕ್ಷರದ ಕಾಗದ ಬಾಗಿಲಿಗೆ ಅಂಟಿತ್ತು. ಫಾವಾ ಮೈಗೆ ಆಗದವರು ಹೊರಗೇ ನಿಲ್ಲಲಿ ಎಂದು ಅಂಗಡಿಯವರು ಅಂಟಿಸಲೇಬೇಕಾದದ್ದು.

"ಅರ್ಧ ಕಿಲೊ ಬಟಾಣಿ ಪಿಯೆರಾ. ಸುಲಿದಿರೋದು."

"ಬಟಾಣಿನಾ? ನಿಮ್ಮ ಸೊಸೆ ಒಪ್ಪಿದ್ಲಾ?" ಪಿಯೆರಾ ಅತ್ತ ಇನ್ನೊಬ್ಬರಿಗೆ ತೂಗುತ್ತಿದ್ದಳು. "ನೀವೇ ತುಂಬ್ಕೊಂಡ್ಬಿಡಿ, ನನಗೆ ಕೈ ಬಿಡುವಿಲ್ಲ. ಎಡಗಡೆ ಬೋಗುಣಿ."

ಎರ್ಸೀಲಿಯಾ ಎಡಗಡೆಯ ಬೋಗುಣಿಗೆ ತಗಡಿನ ಮೊಗೆ ಹಾಕಿ ಒಂದು ಸಲ ಮೊಗೆದು ಕಾಗದದ ಚೀಲಕ್ಕೆ ಸುರಿದಳು. ಅಷ್ಟರಲ್ಲಿ ಯಾರದೋ ಬುಟ್ಟಿ ಸೊಂಟಕ್ಕೆ ತಗುಲಿ ಅವಳು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದಳು. ಮತ್ತೊಂದು ಸಲ ಮೊಗೆದಳು. ಚೀಲದ ಬಾಯಿ ಮಡಚಿ ಕೊಟ್ಟಳು. ಪಿಯೆರಾ ತೆರೆದು ನೋಡದೆ ತೂಗಿ ಕೊಟ್ಟಳು.

ಮನೆಯಲ್ಲಿ ಪೆಸ್ತೊ ಬೆಳಗ್ಗೆಯೇ ಆಗಿತ್ತು. ಅಮೃತಶಿಲೆಯ ಒರಳಿನಲ್ಲಿ ಬೆಳ್ಳುಳ್ಳಿ, ಹರಳುಪ್ಪು, ಪೈನ್ ಬೀಜ, ಆಮೇಲೆ ಕಾಮಕಸ್ತೂರಿಯ ಎಳೆಯೆಲೆ. ಕುಟ್ಟುವುದಕ್ಕಿಂತ ಹೆಚ್ಚಾಗಿ ಒರಳಿನ ಗೋಡೆಗೆ ಒರಸಬೇಕು, ಇಲ್ಲವಾದರೆ ಎಲೆ ಕಪ್ಪಾಗುತ್ತದೆ. ನೀರು ಕುದಿಯಿತು. ಮೊದಲು ಆಲೂಗಡ್ಡೆ, ಆಮೇಲೆ ಟ್ರೋಫಿಯೆ. ಕಾಳು ಯಾವುದೇ ಇರಲಿ, ಹಲಗೆಯ ಮೇಲೆ ಹರಡಿ, ಬೆರಳಾಡಿಸಿ, ಹುಳುಕು ತೆಗೆದೇ ಪಾತ್ರೆಗೆ ಹಾಕುವುದು ಅವಳ ರೂಢಿ. ಅಂದು ಮಾತ್ರ ಗಡಿಬಿಡಿ. ಮಗು ಮೇಜಿಗೆ ಚಮಚ ಕುಟ್ಟುತ್ತಿತ್ತು, ಬೊನಾರಿಯಾ ಬರುವಷ್ಟರಲ್ಲಿ ಪಾತ್ರೆ ತೊಳೆದು ಕಿಟಕಿ ತೆಗೆದಿಡಬೇಕಿತ್ತು. ಚೀಲವನ್ನು ಕುದಿಯುವ ನೀರಿನ ಮೇಲೆಯೇ ಬೋರಲು ಹಾಕಿದಳು.

ಎಲ್ಲ ಸೇರಿಸಿ ಪೆಸ್ತೊ ಕಲಸಿ ಕೊಟ್ಟಾಗ ಎಫಿಸಿಯೊ ತಟ್ಟೆಯ ಮೇಲೆಯೇ ಬಾಗಿದ.

"ಅಜ್ಜಿ, ಇದು ನೋಡು. ದೊಡ್ಡ ಬಟಾಣಿ!"

"ದೊಡ್ಡದು ಸಿಹಿ ಇರುತ್ತೆ. ತಿನ್ನು."

"ಸಿಹಿ ಇಲ್ಲ. ಒಂಚೂರು ಕಹಿ."

"ಬೆಳ್ಳುಳ್ಳಿ ಕಣೋ ಅದು. ತಿನ್ನು ನನ್ನ ರಾಜ."

ಅವನು ಎರಡು ತಟ್ಟೆ ತಿಂದ. ಅಷ್ಟು ತಿಂದದ್ದನ್ನು ಅವಳು ತಿಂಗಳಿಂದ ಕಂಡಿರಲಿಲ್ಲ. ಸೋಫಾದ ಮೇಲೆ ಮಲಗಿದವನಿಗೆ ಅಲ್ಲೇ ನಿದ್ದೆ ಹತ್ತಿತು.

ಅವಳು ಹಾಡು ಗುನುಗುತ್ತ ತೂತುಬೋಗುಣಿ ತೊಳೆಯುತ್ತಿದ್ದಳು. ಅಂಟಿಕೊಂಡಿದ್ದ ಕಾಳೊಂದು ಬೆರಳಿಗೆ ಸಿಕ್ಕಿತು. ಬಟಾಣಿ ದುಂಡಗಿರುತ್ತದೆ, ಎತ್ತಲಿಂದ ಮುಟ್ಟಿದರೂ ಒಂದೇ. ಇದಕ್ಕೆ ಹೊಟ್ಟೆಯಿತ್ತು, ಬೆನ್ನಿತ್ತು, ಒಂದು ತುದಿಯಲ್ಲಿ ಉಗುರಿನಂಥ ಗೀರಿತ್ತು. ಹಾಡು ನಿಂತಿತು. ಬೋಗುಣಿಯನ್ನೆಲ್ಲ ತಡಕಿದಳು. ಇನ್ನೊಂದು. ಪಾತ್ರೆಯ ತಳದಲ್ಲಿ ಮತ್ತೊಂದು. ನಂಬಲಾರದೆ ಬಾಯಿಗೆ ಹಾಕಿ ಕಚ್ಚಿದಳು. ಐದು ವರ್ಷದಿಂದ ನಾಲಗೆಗೆ ತಾಗಿಸದಿದ್ದ ಆ ಹಸಿರು ಒಗರು.

ನಲ್ಲಿ ನಿಲ್ಲಿಸಿದಳು. ಹೋಗಿ ಮಗುವನ್ನು ಎಬ್ಬಿಸಿದಳು.

"ಕಂದ, ದೊಡ್ಡ ಬಟಾಣಿ ಎಷ್ಟು ತಿಂದೆ?"

"ತುಂಬ," ಎಂದು ಮಗ್ಗುಲಾಯಿತು ಮಗು.

ಮೂರು ಸಲ ಫೋನಿನ ಬಳಿ ಹೋದಳು, ಮೂರು ಸಲ ಹಿಂದಕ್ಕೆ ಬಂದಳು. ಹೇಳಿದರೆ ಬೊನಾರಿಯಾ ಕೇಳುವ ಮೊದಲ ಮಾತು, ‘ನಿಮಗೆ ಕಾಣಲಿಲ್ವಾ?’ ಎಂದೇ ಇರುತ್ತದೆ. ಎಲ್ಲ ಮಕ್ಕಳಿಗೂ ಪ್ರತಿ ಸಲವೂ ಆಗುವುದಿಲ್ಲವಂತೆ. ಏನೂ ಆಗದೆ ಹೋದರೆ? ಸುಮ್ಮನೆ ಬಾಯಿಬಿಟ್ಟು ಮಗುವನ್ನು ಕಳೆದುಕೊಂಡರೆ? ಹೀಗೆ ಲೆಕ್ಕ ಹಾಕುತ್ತ ಹಾಕುತ್ತ ಮೂರು ಗಂಟೆ ಹೊಡೆದು, ಮೆಟ್ಟಿಲ ಮೇಲೆ ಸೊಸೆಯ ಹೆಜ್ಜೆ ಕೇಳಿಸಿತು.

"ಏನು ಕೊಟ್ರಿ ಮಧ್ಯಾಹ್ನ?"

"ಪೆಸ್ತೊ."

"ತಿಂದ್ನಾ?"

"ಎರಡು ತಟ್ಟೆ."

"ನಿಜವಾ?" ಬೊನಾರಿಯಾಳ ದನಿ ಎಷ್ಟೋ ದಿನದ ಮೇಲೆ ಸಡಿಲಾಯಿತು. "ಬದುಕಿದೆ. ಥ್ಯಾಂಕ್ಸ್ ಅತ್ತೆ."

ಎಫಿಸಿಯೊ ಬಾಯಿಗೆ ಅಂಗೈ ಮುಚ್ಚಿಕೊಂಡು ಕಿಸಕ್ಕೆಂದ. ಅವನು ಮಾತು ಉಳಿಸಿಕೊಂಡಿದ್ದ.

ಶುಕ್ರವಾರ ಬೊನಾರಿಯಾ ಕೆಲಸಕ್ಕೆ ಹೋದಳು, ಹೋಟೆಲಿಗೆ ರಜೆಯಿಲ್ಲ. ಓಣಿಯ ಜನ ಬುಟ್ಟಿ, ಹೆಂಡದ ಬಾಟಲಿ, ಮಕ್ಕಳು ಎಲ್ಲವನ್ನೂ ಎತ್ತಿಕೊಂಡು ಗುಡ್ಡ ಹತ್ತಿದರು. ಮಹಡಿಗಳೆಲ್ಲ ಖಾಲಿಯಾದವು. ರೈಲು ಸೇತುವೆಯ ಮೇಲೆ ಗಾಡಿ ಹೋದಾಗ ಮಾತ್ರ ಕಿಟಕಿಯ ಗಾಜು ಕಂಪಿಸುತ್ತಿತ್ತು. ಎರ್ಸೀಲಿಯಾ ಹಿಟ್ಟಿನ ಹಲಗೆಯ ಮುಂದೆ ಕೂರಲಿಲ್ಲ. ಮಗು ಹೋದಲ್ಲೆಲ್ಲ ಹಿಂದೆ ಹಿಂದೆ ಹೋದಳು. ಅದರ ಕೆನ್ನೆ ಹಳದಿಯಾಗಿದೆಯೋ ಕೆಂಪಾಗಿದೆಯೋ ಅವಳಿಗೆ ತಿಳಿಯುವಂತಿರಲಿಲ್ಲ. ಮೊದಲು ಕಾಣುವುದು ಮೂತ್ರದ ಬಣ್ಣದಲ್ಲಿ ಎಂದು ಬೊನಾರಿಯಾ ನೂರು ಸಲ ಹೇಳಿದ್ದಳು. ಆ ಬಣ್ಣವೇ ಅವಳಿಗೆ ಕಾಣದ ವಸ್ತು.

"ಯಾವ ಬಣ್ಣ ಬಂತು ಕಂದ?"

"ಹಳದಿ. ಯಾಕಜ್ಜಿ?"

"ಸುಮ್ನೆ."

ಒಂದು ಗಂಟೆ ಬಿಟ್ಟು ಮತ್ತೆ ಕೇಳಿದಳು. ಮತ್ತೆ ಹಳದಿ. ಹನ್ನೊಂದಕ್ಕೆ ಅವನು ಆಟಿಕೆ ಬಿಟ್ಟು ಬಂದು ಅವಳ ತೊಡೆಗೆ ಒರಗಿದ. ಬೆನ್ನು ನೋಯುತ್ತದೆ ಎಂದ. ಹಣೆ ಬಿಸಿಯಿತ್ತು. ಹನ್ನೆರಡರ ಸುಮಾರಿಗೆ ಬಚ್ಚಲಿನಿಂದ ಅವನ ಕೂಗು ಕೇಳಿತು, ಹೆದರಿಕೆಯದಲ್ಲ, ಸಂಭ್ರಮದ್ದು.

"ಅಜ್ಜಿ, ಬಾ ಬಾ! ಕೋಲಾ ತರ ಬಂತು!"

ಅವಳು ಓಡಿದಳು. ಬಗ್ಗಿದಳು. ನೇರ ನೋಡಿದಳು, ಏನೂ ಇಲ್ಲ. ಓರೆಯಾಗಿ ನೋಡಿದಳು, ಬಿಳಿಯ ಅಂಚು ಮಾತ್ರ.

"ಕಪ್ಪಾ? ಸರಿಯಾಗಿ ನೋಡಿ ಹೇಳು. ಕಪ್ಪಾ?"

"ಹೂಂ. ನಿಂಗೆ ಕಾಣಲ್ವಾ?"

ಬೆರಳಿನಿಂದ ಗುಂಡಿ ಎಣಿಸಿ ಎಣಿಸಿ ಮೊದಲು ಆಂಬ್ಯುಲೆನ್ಸಿಗೆ ಫೋನು ಮಾಡಿದಳು, ಆಮೇಲೆ ಹೋಟೆಲಿಗೆ.

"ಬೊನಾರಿಯಾ, ನೇರ ಆಸ್ಪತ್ರೆಗೆ ಬಾ. ಮಗುವಿನ ಹೊಟ್ಟೆಗೆ ಫಾವಾ ಹೋಗಿದೆ."

ಅತ್ತ ಕಡೆ ಕಿರುಚಾಟವಿಲ್ಲ, ಅಳುವಿಲ್ಲ. ಒಂದೇ ಮಾತು: "ಯಾವಾಗ?"

"ನಿನ್ನೆ."

ಆಸ್ಪತ್ರೆಯಲ್ಲಿ ರಕ್ತ ಹನಿಹನಿಯಾಗಿ ಎಫಿಸಿಯೊನ ತೋಳಿಗೆ ಇಳಿಯತೊಡಗಿದಾಗ ಸಂಜೆ ನಾಲ್ಕು. ಅವನ ತುಟಿ ಕಾಗದದಂತೆ ಬೆಳ್ಳಗಿದೆ ಎಂದು ನರ್ಸುಗಳು ಮಾತಾಡಿಕೊಂಡದ್ದು ಎರ್ಸೀಲಿಯಾಳ ಕಿವಿಗೆ ಬಿತ್ತು. ಮೊದಲ ಎರಡು ದಿನ ಏನನ್ನೂ ಹೇಳಲಾಗದು ಎಂದರು ಡಾಕ್ಟರು. ಬೊನಾರಿಯಾ ಹೊರಗೆ ಬಂದು ಅತ್ತೆಯ ಮುಂದೆ ನಿಂತಳು. ಹೋಟೆಲಿನ ನೀಲಿ ಏಪ್ರನ್ನು ಇನ್ನೂ ಮೈಮೇಲಿತ್ತು, ಸೋಪಿನ ವಾಸನೆ ಬರುತ್ತಿತ್ತು.

"ನಿನ್ನೆನೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ನಾನು ಥ್ಯಾಂಕ್ಸ್ ಹೇಳ್ದಾಗ?"

"ಆಗಲೂ."

"ಹೇಗೆ ಬಂತು ಅದು ಮನೆಗೆ?"

ಆಗಲಾದರೂ ಹೇಳಬಹುದಿತ್ತು. ನಾಲಗೆ ಬೇರೆ ದಾರಿ ಹಿಡಿಯಿತು. "ಬಟಾಣಿ ತಂದಿದ್ದೆ. ಅದರಲ್ಲೇ... ಪಿಯೆರಾ ಅಂಗಡೀಲೇ ಬೆರೆತುಬಿಟ್ಟಿರ್ಬೇಕು."

ಮೂರನೆಯ ದಿನ ಮೂತ್ರ ತಿಳಿಯಾಯಿತು. ಐದನೆಯ ದಿನ ಎಫಿಸಿಯೊ ಮನೆಗೆ ಬಂದ, ನಾಲ್ಕು ಮಹಡಿ ಅಪ್ಪನ ಹೆಗಲ ಮೇಲೆ. ಇವಾನೊ ಹಡಗು ಬಿಟ್ಟು ಓಡಿಬಂದಿದ್ದ. ಮಗುವನ್ನು ಮಲಗಿಸಿದ್ದೇ ತಡ, ಬೊನಾರಿಯಾ ಕೆಳಗಿಳಿದು ಪಿಯೆರಾಳ ಅಂಗಡಿಗೆ ನುಗ್ಗಿ, ತುಂಬಿದ ಗಿರಾಕಿಗಳ ನಡುವೆ, "ಬಾಗಿಲಿಗೆ ಕಾಗದ ಅಂಟಿಸಿ ಒಳಗೆ ಮಕ್ಕಳನ್ನ ಕೊಲ್ತೀಯಾ?" ಎಂದು ಕೂಗಿದಳು. ಮರುದಿನ ಅಂಗಡಿಯಲ್ಲಿ ಜನ ಅರ್ಧಕ್ಕರ್ಧ ಇರಲಿಲ್ಲ.

ಪಿಯೆರಾ ಏದುಸಿರು ಬಿಡುತ್ತ ಮೇಲೆ ಹತ್ತಿ ಬಂದದ್ದು ಶನಿವಾರ ಬೆಳಗ್ಗೆ. ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ. ಮನೆಯಲ್ಲಿ ಎರ್ಸೀಲಿಯಾ ಒಬ್ಬಳೇ ಇದ್ದಳು.

"ಮೂವತ್ತು ವರ್ಷದಿಂದ ನನ್ನ ಹತ್ರ ತಗೋತೀರಿ. ಎರಡು ಬೋಗುಣಿ ಬೇರೆ ಬೇರೆ ಇತ್ತು, ಎರಡಕ್ಕೂ ಚೀಟಿ ಚುಚ್ಚಿದ್ದೆ. ತುಂಬ್ಕೊಂಡಿದ್ದು ನೀವೇ. ನಾನು ಚೀಲ ಕೂಡ ಬಿಚ್ಚಲಿಲ್ಲ. ಕಣ್ಣಿಗೆ ಕಂಡೇ ತುಂಬಿದ್ರಿ ತಾನೆ ಎರ್ಸೀಲಿಯಾ?"

ಎರ್ಸೀಲಿಯಾ ಬಾಗಿಲ ಚಿಲಕ ಹಿಡಿದುಕೊಂಡೇ ನಿಂತಿದ್ದಳು. ಪಿಯೆರಾಳ ಚಪ್ಪಲಿಯ ಸದ್ದು ಒಂದೊಂದೇ ಮೆಟ್ಟಿಲು ಕೆಳಗಿಳಿಯಿತು.

ಅಂದು ಊಟವಾದ ಮೇಲೆ ಬೊನಾರಿಯಾ ಮೇಜಿನ ಮೇಲೆ ಕಾಗದ ಹರಡಿ ಕೂತಳು. ಪುರಸಭೆಗೆ ದೂರು. ಇವಾನೊ ಪಕ್ಕದಲ್ಲಿ ಕೂತು ಒಂದೊಂದು ಪದ ಹೇಳಿಕೊಡುತ್ತಿದ್ದ. ಪೆನ್ನು ಗೀಚುವ ಸದ್ದು ಎರ್ಸೀಲಿಯಾಳ ಬೆನ್ನಿನ ಮೇಲೇ ಗೀಚಿದಂತಿತ್ತು.

"ಅದನ್ನ ಬರೀಬೇಡ," ಎಂದಳು.

"ಯಾಕೆ? ನಿಮ್ಮ ಸ್ನೇಹಿತೆ ಅಂತಾನಾ?"

"ಪಿಯೆರಾದು ತಪ್ಪಿಲ್ಲ. ಅವಳ ಬಟಾಣಿ ಬಟಾಣಿನೇ, ಫಾವಾ ಫಾ‌ವಾನೇ. ನಾನೇ ಎರಡರಿಂದಲೂ ಮೊಗೆದೆ. ನನಗೆ ಗೊತ್ತಾಗ್ಲಿಲ್ಲ."

"ಗೊತ್ತಾಗ್ಲಿಲ್ಲ ಅಂದ್ರೆ ಏನಮ್ಮ?" ಇವಾನೊ ಕೇಳಿದ.

"ನನಗೆ ಕಣ್ಣು ಕಾಣಲ್ಲ ಕಣೋ."

ಬೊನಾರಿಯಾ ಕುರ್ಚಿ ತಳ್ಳಿ ಎದ್ದು ಬಂದು ಅವಳ ಎದುರಿಗೇ ನಿಂತಳು. "ನನ್ನ ಕಡೆ ನೋಡಿ."

"ನೇರ ನೋಡಿದ್ರೆ ನೀನು ಇರಲ್ಲಮ್ಮ. ಇಲ್ಲಿ ನೋಡು, ಹೀಗೆ ಬಾಗಿಲ ಕಡೆ ತಿರುಗಿದ್ರೆ ಮಾತ್ರ ನಿನ್ನ ಮುಖ ಅಷ್ಟಿಷ್ಟು ಸಿಗುತ್ತೆ. ನಿನ್ನ ನೋಡ್ಬೇಕು ಅಂತಾನೇ ನಾನು ಬಾಗಿಲು ನೋಡ್ತಿದ್ದೆ."

"ಎಷ್ಟು ದಿನದಿಂದ?"

"ಅಕ್ಟೋಬರಿಂದ."

ಎರ್ಸೀಲಿಯಾ ಕಣ್ಣೀರನ್ನೋ ಮರುಕವನ್ನೋ ನಿರೀಕ್ಷಿಸಿದ್ದಳು. ಬಂದದ್ದು ಅದಲ್ಲ. "ಅಕ್ಟೋಬರಿಂದ!" ಬೊನಾರಿಯಾಳ ದನಿ ಸೀಳಿತು. "ದಿನಾ ನನ್ನ ಮಗನ ಕೈ ಹಿಡ್ಕೊಂಡು ರಸ್ತೆ ದಾಟಿಸ್ತಿದ್ರಿ. ಎದುರಿಂದ ಬರೋ ಬಸ್ಸು ಕಾಣದೆ! ನಾನು ಅಲ್ಲಿ ಹಾಸಿಗೆ ಮಡಿಸ್ತಾ, ಅತ್ತೆ ಇದಾರೆ, ಪರವಾಗಿಲ್ಲ, ಅಂದ್ಕೋತಿದ್ದೆ. ಏನು ಮಾಡ್ಬೇಕು ಅಂತಿದ್ರಿ ನೀವು?"

"ಹೇಳಿದ್ರೆ ಅವನನ್ನ ನನ್ನ ಹತ್ರ ಬಿಡ್ತಿದ್ಯಾ?"

"ಬಿಡ್ತಿರಲಿಲ್ಲ!"

"ಅದಕ್ಕೇ ಹೇಳ್ಲಿಲ್ಲ."

ಬೊನಾರಿಯಾ ಕಾಗದವನ್ನು ಎರಡು ತುಂಡು ಮಾಡಿದಳು, ನಾಲ್ಕು ಮಾಡಿದಳು. "ಇನ್ಮೇಲೆ ಅವನ ತಟ್ಟೆಗೆ ನಿಮ್ಮ ಕೈ ಬೀಳಬಾರದು," ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸೋಮವಾರ ಎರ್ಸೀಲಿಯಾ ಗೋಡೆ ಹಿಡಿದು ಒಬ್ಬಳೇ ಕೆಳಗಿಳಿದಳು. ಪಿಯೆರಾಳ ಅಂಗಡಿಯಲ್ಲಿ ನಾಲ್ಕೈದು ಜನರಿದ್ದರು, ಪಾಸ್ತಾ ಅಂಗಡಿಯವನೂ ಇದ್ದ. "ಎಲ್ಲರೂ ಕೇಳಿ," ಎಂದಳು. "ಫಾವಾ ಬೋಗುಣಿಗೆ ಕೈ ಹಾಕಿದ್ದು ನಾನು. ನನಗೆ ಕಣ್ಣಿಲ್ಲ. ಪಿಯೆರಾ ಮೇಲೆ ಸುಳ್ಳು ಹೇಳ್ದೆ." ಪಿಯೆರಾ ತಕ್ಕಡಿ ಬಿಟ್ಟು ಈಚೆ ಬಂದಳು. ಒಂದು ಸ್ಟೂಲು ಎಳೆದು ಅವಳ ಮೊಣಕಾಲಿನ ಹಿಂದೆ ತಾಗಿಸಿದಳು, ಕೂರಲಿ ಎಂದು.

ಮೇ ತಿಂಗಳು ಹಾಗೇ ಸಾಗಿತು. ಇವಾನೊ ತಾಯಿಯನ್ನು ಮತ್ತೆ ಕಣ್ಣಿನ ಡಾಕ್ಟರಿಗೆ ತೋರಿಸಿ, ತಿಂಗಳಿಗೊಂದು ಚುಚ್ಚುಮದ್ದು ಬರೆಸಿಕೊಂಡು ಬಂದು, ಹಡಗಿಗೆ ಹೋದ. ಬೊನಾರಿಯಾ ಐದು ಗಂಟೆಗೇ ಎದ್ದು ಮಗನ ಊಟ ಮಾಡಿ ಡಬ್ಬಿಗೆ ತುಂಬಿ ಶಿಶುವಿಹಾರಕ್ಕೆ ಕೊಟ್ಟುಕಳಿಸುತ್ತಿದ್ದಳು. ಡಬ್ಬಿ ಅರ್ಧ ತುಂಬಿಯೇ ವಾಪಸು ಬರುತ್ತಿತ್ತು. ಅತ್ತೆಯೊಡನೆ ಅವಳ ಮಾತು ಉಪ್ಪು, ಬೀಗದ ಕೈ, ಔಷಧಿ ಇಷ್ಟಕ್ಕೇ ನಿಂತಿತು. ಒಂದು ಬದಲಾವಣೆ ಮಾತ್ರ ಆಗಿತ್ತು. ಮಾತಾಡುವಾಗ ಬೊನಾರಿಯಾ ಎದುರಿಗೆ ಬರದೆ, ಅತ್ತೆಯ ಎಡಮಗ್ಗುಲಿಗೆ ಬಂದು ನಿಲ್ಲುತ್ತಿದ್ದಳು.

ತಿಂಗಳ ಕೊನೆಯ ಭಾನುವಾರ ಅವಳು ಹೊರಗಿನಿಂದ ಬಂದು ಮೇಜಿನ ಮೇಲೆ ಏನನ್ನೋ ಸುರಿದಳು. ಸಿಪ್ಪೆ ಸುಲಿಯದ ಹಸಿ ಬಟಾಣಿಕಾಯಿ. ಅದರ ಕಿರುಗುಟ್ಟುವ ಸದ್ದು ಎರ್ಸೀಲಿಯಾಳಿಗೆ ತಿಳಿಯಿತು.

"ಪಿಯೆರಾ ಹತ್ರ ಕ್ಷಮೆ ಕೇಳೋಕೆ ಹೋಗಿದ್ದೆ. ಕೊಟ್ಟಳು," ಎಂದಳು ಬೊನಾರಿಯಾ. "ಆಸ್ಪತ್ರೆ ಡಾಕ್ಟರೂ ಬಟಾಣಿ ಕೊಡಿ, ಕೊಡಿ ಅಂತಾರೆ. ಮಗು ನಿಮ್ಮ ಪಾಸ್ತಾನೇ ಬೇಕು ಅಂತ ಏನೂ ಸರಿಯಾಗಿ ತಿಂತಿಲ್ಲ. ಸುಲೀರಿ. ನಾನು ನೋಡ್ತೀನಿ."

ಇಬ್ಬರೂ ಕೂತರು. ಎರ್ಸೀಲಿಯಾ ಸುಲಿದು ಬೆರಳಲ್ಲಿ ಉರುಳಿಸಿ ನೋಡಿ ದಾಟಿಸಿದಳು; ಬೊನಾರಿಯಾ ಬೆಳಕಿಗೆ ಹಿಡಿದು ನೋಡಿ ಬಟ್ಟಲಿಗೆ ಹಾಕಿದಳು. ಒಂದೊಂದು ಕಾಳಿಗೂ ಎರಡು ಸಲ ಪರೀಕ್ಷೆ. ಅರ್ಧ ಬಟ್ಟಲು ತುಂಬಲು ಒಂದು ಗಂಟೆ ಹಿಡಿಯಿತು. ಬೊನಾರಿಯಾ ಚೀಸು ತುರಿದಳು, ಎರ್ಸೀಲಿಯಾ ಒರಳಿನಲ್ಲಿ ಎಲೆ ಅರೆದಳು. ಪಾಸ್ತಾ ಬೆಂದಿತು. ಪೆಸ್ತೊ ಕಲಸಿದ ಹಸಿರು ತಟ್ಟೆ ಎಫಿಸಿಯೊನ ಮುಂದೆ ಬಂತು. ಅವನು ಫೋರ್ಕು ಎತ್ತಿದ.

ಅಷ್ಟರಲ್ಲಿ ಎರ್ಸೀಲಿಯಾಳ ಅಂಗೈ ಅವಳಿಗೇ ತಿಳಿಯದೆ ಬಂದು ತಟ್ಟೆಯ ಮೇಲೆ ಮುಚ್ಚಿಕೊಂಡಿತು. ಬಿಸಿ ಹಬೆ ಅಂಗೈಗೆ ಬಡಿಯಿತು. ತೆಗೆಯಲಿಲ್ಲ.

"ಅಜ್ಜೀ! ಕೈ ತೆಗಿ!"

"ಏನಾಯ್ತು ಅತ್ತೆ?"

"ಬೇಡ ಬೊನಾರಿಯಾ. ಇದನ್ನ ಚೆಲ್ಲಿಬಿಡು. ಬ್ರೆಡ್ಡು ಕೊಡು ಅವನಿಗೆ. ಒಂದು ತಪ್ಪಿಹೋಗಿದ್ರೆ? ನಿನ್ನ ಕಣ್ಣಿಗೂ ತಪ್ಪಿದ್ರೆ?" ಇನ್ನೊಂದು ಕೈಯಿಂದ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. "ನನ್ನ ಕೈಯಿಂದ ಆಗಲ್ಲ. ನನಗೆ ಭಯ ಆಗ್ತಿದೆ ಕಣೇ."

ಬೊನಾರಿಯಾ ಎದ್ದು ಬಂದು ಅತ್ತೆಯ ಎಡಮಗ್ಗುಲಿಗೆ ಕೂತಳು.

"ಐದು ವರ್ಷದಿಂದ ದಿನಾ ಮೂರು ಹೊತ್ತು ನನಗೆ ಆಗ್ತಿರೋದು ಇದೇ ಅತ್ತೆ," ಎಂದಳು. "ಆದ್ರೂ ತಟ್ಟೆ ಇಡ್ಲೇಬೇಕಲ್ಲ. ತೆಗೀರಿ ಕೈ, ಆರ್ತಿದೆ."

ಎರ್ಸೀಲಿಯಾ ಒಂದೊಂದೇ ಬೆರಳನ್ನು ಎತ್ತಿದಳು.